ಸಂದೂಕ ಬಂದ ದಾರಿ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಿರಿಯರ ಬಾಯಲ್ಲಿ ಮುಚ್ಚಳವಿರುವ ಕಟ್ಟಿಗೆಯ ದೊಡ್ಡ ಪೆಟ್ಟಿಗೆಗೆ ‘ಸಂದೂಕ’ ಎಂಬ ಹೆಸರುಂಟು. ಇಳಕಲ್ ಸೀರೆ, ಕುಬಸ, ಬೆಳ್ಳಿ ಸಾಮಾನು, ಹೊಲದ ಕಾಗದಪತ್ರ ಎಲ್ಲಕ್ಕೂ ಅದೇ ಭದ್ರವಾದ ಜಾಗ. ಆದರೆ ಈ ಹೆಸರು ಅರಬ್ಬಿ ಭಾಷೆಯದು. ಸಾವಿರಾರು ಮೈಲಿ ಆಚೆಯ ಗ್ರೀಸ್ ದೇಶದಲ್ಲಿಯೂ ಇಂಥ ಪೆಟ್ಟಿಗೆಯನ್ನು ‘ಸೆಂದೂಕಿ’ ಎನ್ನುತ್ತಾರೆಂದರೆ ಅಚ್ಚರಿಯಾಗಬಹುದು! ಅರಬ್ಬಿಯ ಅದೇ ಪದ ಅಲ್ಲಿಗೂ ಹೋಯಿತು. ಪಾರಸಿ, ಉರ್ದುಗಳ ಒಡನಾಟದಲ್ಲಿ ಇಲ್ಲಿಗೆ ಬಂತು.

ಗ್ರೀಸಿನಲ್ಲಿ ಮದುಮಗಳು ಬಟ್ಟೆಬರೆ ತುಂಬಿಕೊಂಡು ಗಂಡನ ಮನೆಗೆ ಒಯ್ಯುತ್ತಿದ್ದ ಕೆತ್ತನೆಯ ಪೆಟ್ಟಿಗೆಗೆ ‘ಕಸೇಲಾ’ ಎಂಬ ಇನ್ನೊಂದು ಹೆಸರೂ ಇದೆ. ಇದು ಇಟಲಿಯ ವೆನಿಸ್ ನಗರದ ಮಾತು. ಅಲ್ಲಿಯ ಕ್ರೀಟ್ ದ್ವೀಪವನ್ನು ವೆನಿಸ್ 1669ರವರೆಗೆ ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಆಳಿತು. ಬಳಿಕ ತುರ್ಕರು ಬಂದರು. ಹೀಗಾಗಿ ಗ್ರೀಕ್ ಬಡಗಿಯ ಉಳಿಯಲ್ಲಿ ಬೈಜಾಂಟಿಯಮ್ ಸಾಮ್ರಾಜ್ಯದ ಎರಡು ತಲೆಯ ಹದ್ದು, ಇಟಲಿಯ ಬಳ್ಳಿ, ತುರ್ಕರ ಹೂಗಳು ಒಟ್ಟಿಗೆ ಅರಳಿದವು. ಎರಡು ತಲೆಯ ಹದ್ದು ಕಂಡೊಡನೆ ನಮಗೆ ಗಂಡಭೇರುಂಡ ನೆನಪಾಗುವುದು ಸಹಜ. ಆದರೆ ಹೋಲಿಕೆ ಕಂಡಲ್ಲೆಲ್ಲ ಎರವಲು ಎನ್ನುವಂತಿಲ್ಲ. ಅದಕ್ಕೆ ಆಧಾರ ಬೇಕು.

ನಮ್ಮ ಕಡೆ ಆಧಾರಕ್ಕೆ ಕೊರತೆಯಿಲ್ಲ. 1347ರಲ್ಲಿ ಕಲಬುರಗಿ ಬಹಮನಿ ಅರಸರ ರಾಜಧಾನಿಯಾಯಿತು. ಪಾರಸಿ ಆಸ್ಥಾನದ ಭಾಷೆಯಾಯಿತು. 15ನೇ ಶತಮಾನದಲ್ಲಿ ರಾಜಧಾನಿ ಬೀದರಿಗೆ ಹೋಯಿತು. ಅಲ್ಲಿಯ ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕೆತ್ತನೆಯ ಕಟ್ಟಿಗೆ ಕಂಬಗಳನ್ನೂ, ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕುಸುರಿಯನ್ನೂ ಇಂದಿಗೂ ಕಾಣಬಹುದು. ಬಿದರಿ ಕಲೆಯ ಕರಿ ಲೋಹದ ಪೆಟ್ಟಿಗೆಗಳ ಮೇಲೆ ಬೆಳ್ಳಿಯಲ್ಲಿ ಹಬ್ಬಿದ ಬಳ್ಳಿಗಳೂ ಪರ್ಷಿಯಾದ ನೆಂಟಸ್ತಿಕೆಯನ್ನೇ ಹೇಳುತ್ತವೆ. ಆದರೆ ಆ ಲೋಹಕ್ಕೆ ಕಪ್ಪು ಬಣ್ಣ ತರುವುದು ಬೀದರ್ ಕೋಟೆಯ ಮಣ್ಣು! ಮಾದರಿ ಹೊರಗಿನದು, ಮಣ್ಣು, ಕೈ, ಬೆವರು ಇಲ್ಲಿಯವು. ಮುಂದೆ 1948ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಉರ್ದುವಿನ ಒಡನಾಟವೂ ಮುಂದುವರಿಯಿತು.

ಎರವಲು ಪಡೆದದ್ದರಿಂದ ಗ್ರೀಕರ ಪೆಟ್ಟಿಗೆ ಗ್ರೀಕರದಲ್ಲದೆ ಹೋಗಲಿಲ್ಲ. ನಮ್ಮ ಸಂದೂಕವೂ ಅಷ್ಟೆ. ಅದನ್ನು ಮೂಲೆಗೆ ತಳ್ಳಿದ ಉಕ್ಕಿನ ‘ಅಲಮಾರಿ’ಯ ಹೆಸರೂ ಪೋರ್ಚುಗೀಸರಿಂದ ಬಂದದ್ದೇ!

ಹಳೆಯ ಸಂದೂಕ ಗುಜರಿಗೋ ಒಲೆಗೋ ಹೋದರೆ ಅದರೊಂದಿಗೆ ಮನೆಯ ಚರಿತ್ರೆಯ ಒಂದು ಪುಟವೂ ಹೋಗುತ್ತದೆ. ತಂದೆತಾಯಿಗಳು ಅದನ್ನು ಮಾರುವ ಮುನ್ನ ಮಕ್ಕಳ ಕೈಗೊಂದು ನೋಟುಪುಸ್ತಕ ಕೊಡಲಿ. ಯಾವ ಮರ? ಕೀಲು, ಕೊಂಡಿ ಹೇಗಿವೆ? ಮುಚ್ಚಳದ ಮೇಲಿನ ಹೂವು ಯಾವುದು? ಯಾರ ತವರಿನಿಂದ ಬಂತು? ಕೊನೆಯ ಪ್ರಶ್ನೆಗೆ ಉತ್ತರ ಬಲ್ಲವರು ಮನೆಯ ಅಜ್ಜಿ ಮಾತ್ರ. ಅವರಿರುವಾಗಲೇ ಕೇಳಿ ಬರೆದುಕೊಳ್ಳುವುದು ಜಾಣತನ.