ಹೊಗೆ ನೋಡಿದರೆ ಸಿಗದ ಲೆಕ್ಕ

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿ ನೀರಿನಿಂದ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಈ ಹೆಮ್ಮೆಯ ಜೊತೆಗೇ ಒಂದು ನಂಬಿಕೆಯೂ ಬೇರುಬಿಟ್ಟಿದೆ: ಮಂಡ್ಯ ಸೀಮೆಯ ಕರೆಂಟು ನೀರಿನದು, ಕಲ್ಲಿದ್ದಲಿಗೂ ಇಲ್ಲಿಗೂ ಸಂಬಂಧವಿಲ್ಲ.

ಜಿಲ್ಲೆಯಲ್ಲಿ ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರ ಇಲ್ಲ ಎಂಬುದು ನಿಜ. ಆದರೆ ಶಿವನಸಮುದ್ರದ ಸಾಮರ್ಥ್ಯ 42 ಮೆಗಾವಾಟ್, ಶಿಂಷಾ ಜಲವಿದ್ಯುತ್ ಕೇಂದ್ರದ್ದು 17.2. ರಾಯಚೂರಿನ ಪಕ್ಕದ ಯರಮರಸ್‌ನಲ್ಲಿ ಕಲ್ಲಿದ್ದಲು ಸ್ಥಾವರದ ಒಂದೊಂದು ಘಟಕವೇ 800 ಮೆಗಾವಾಟ್. ಎಲ್ಲವೂ ಸುರಿಯುವುದು ಒಂದೇ ವಿದ್ಯುತ್ ಜಾಲಕ್ಕೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ವಿದ್ಯುತ್ ಮಾರ್ಗ ಚಾಲೂ ಆದಮೇಲಂತೂ ದಕ್ಷಿಣದ ಜಾಲ ಇಡೀ ದೇಶದ ಜಾಲದೊಂದಿಗೆ ಬೆಸೆದುಹೋಯಿತು. ವಿಶ್ವೇಶ್ವರಯ್ಯ (ವಿಸಿ) ನಾಲೆಯ ನೀರಿನಲ್ಲಿ ಹೇಮಾವತಿಯದೆಷ್ಟು, ಕಾವೇರಿಯದೆಷ್ಟು ಎಂದು ಗದ್ದೆಯ ಬದುವಿನಲ್ಲಿ ನಿಂತು ವಿಂಗಡಿಸಲಾಗದು. ತಂತಿಯಲ್ಲಿ ಬರುವ ಕರೆಂಟೂ ಹಾಗೆಯೇ. ಮದ್ದೂರಿನ ತೋಟದಲ್ಲಿ 5 ಎಚ್‌.ಪಿ. ಮೋಟರು ಐದು ಗಂಟೆ ಓಡಿದರೆ ಹತ್ತಿರ ಹತ್ತಿರ 20 ಯೂನಿಟ್ ಖರ್ಚು. ದೇಶದ ಜಾಲದ ಸರಾಸರಿ ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಅಂದರೆ ಆ ಒಂದು ಸರದಿಯ ನೀರಿಗೆ 14 ಕೆ.ಜಿ. ಅನಿಲ ಎಲ್ಲೋ ದೂರದಲ್ಲಿ ಗಾಳಿಗೆ ಸೇರಿದೆ.

ಚಿಮಣಿಯಿಂದ ಕಪ್ಪು ಹೊಗೆ ಬರದಿದ್ದರೆ ಮಾಲಿನ್ಯವಿಲ್ಲ ಎನ್ನುವುದು ಇನ್ನೊಂದು ನಂಬಿಕೆ. ಇಂಗಾಲದ ಡೈಆಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ಥಾವರದ ದಪ್ಪನೆಯ ತಂಪುಗೋಪುರದಿಂದ ಏಳುವ ಬಿಳಿ ಮೋಡ ಬರೀ ನೀರಾವಿ. ಚಿಮಣಿಗೆ ಮೊದಲು ಕೂರಿಸಿದ ಯಂತ್ರಗಳು ಹಾರುಬೂದಿಯನ್ನು ಹಿಡಿಯುತ್ತವೆ, ಗಂಧಕದ ಅನಿಲಕ್ಕೆ ಬೇರೆ ಘಟಕ ಬೇಕು. ಇವೆರಡೂ ಜನರ ಶ್ವಾಸಕೋಶಕ್ಕೆ ಬಹಳ ಮುಖ್ಯ, ಆದರೆ ಇಂಗಾಲದ ಡೈಆಕ್ಸೈಡನ್ನು ಇವು ತಡೆಯುವುದಿಲ್ಲ.

ಹಾಗಾದರೆ ಕಾಣದ ಅನಿಲವನ್ನು ಅಳೆಯುವುದು ಹೇಗೆ? ಹೆಚ್ಚಿನ ಪಾಲು ಚಿಮಣಿಯಲ್ಲಿ ಅಲ್ಲ, ಕಲ್ಲಿದ್ದಲಿನ ರಾಶಿಯಲ್ಲೇ ಅಳೆಯುತ್ತಾರೆ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ, ಎಲ್ಲವೂ ಹೊರಗಿನಿಂದ ಬರಬೇಕು. ಸಿಂಗರೇಣಿಯಿಂದಲೋ ಒಡಿಶಾದಿಂದಲೋ ಬರುವ ಒಂದು ರೇಕ್ ಗೂಡ್ಸಿನಲ್ಲಿ ಸುಮಾರು 4,000 ಟನ್. ಅದರ ಮಾದರಿಯನ್ನು ನುಣ್ಣಗೆ ಅರೆದು, ಪ್ರಯೋಗಾಲಯದ ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಆಮ್ಲಜನಕದ ಜೊತೆ ಉರಿಸಿ, ಸುತ್ತಲಿನ ನೀರು ಎಷ್ಟು ಬಿಸಿಯಾಯಿತು ಎಂದು ನೋಡುತ್ತಾರೆ. ಉರಿಸಿದ ತೂಕ, ಅದರ ಶಾಖ, ಶಾಖಕ್ಕೆ ತಕ್ಕ ಇಂಗಾಲ: ಈ ಮೂರನ್ನು ಗುಣಿಸಿದರೆ ಉತ್ತರ. ಕಿಲೋಗೆ 4,000 ಕಿಲೋಕ್ಯಾಲರಿ ಇರುವ ಒಂದು ಟನ್ ದೇಶಿ ಕಲ್ಲಿದ್ದಲಿನಿಂದ ಸುಮಾರು ಒಂದೂವರೆ ಟನ್ ಇಂಗಾಲದ ಡೈಆಕ್ಸೈಡ್.

ಉರಿಸಿದ್ದಕ್ಕಿಂತ ಹೊಗೆಯೇ ಹೆಚ್ಚು ತೂಗುವುದೆಂದರೆ ಯಾರಿಗೂ ಅನುಮಾನ ಬರುತ್ತದೆ. ಆದರೆ 12 ಗ್ರಾಂ ಇಂಗಾಲ ಉರಿಯುವಾಗ ಗಾಳಿಯಿಂದ 32 ಗ್ರಾಂ ಆಮ್ಲಜನಕವನ್ನು ಸೇರಿಸಿಕೊಂಡು 44 ಗ್ರಾಂ ಅನಿಲವಾಗುತ್ತದೆ. ಭಾರ ಬಂದದ್ದು ಗಾಳಿಯಿಂದ.

ಹೊಗೆ ಕಾಣುತ್ತದೆಂದು ಆಲೆಮನೆಯನ್ನೂ ಕಲ್ಲಿದ್ದಲಿನ ಸಾಲಿಗೆ ಸೇರಿಸುವುದು ಸರಿಯಲ್ಲ. ಕೊಪ್ಪರಿಗೆಯ ಕೆಳಗೆ ಉರಿಯುವ ಕಬ್ಬಿನ ರಚ್ಚಿನಲ್ಲಿರುವ ಇಂಗಾಲವನ್ನು ಕಬ್ಬು ಮೊನ್ನೆಮೊನ್ನೆಯಷ್ಟೇ ಗಾಳಿಯಿಂದ ಎಳೆದುಕೊಂಡಿದ್ದು, ಮುಂದಿನ ಬೆಳೆ ಮತ್ತೆ ಎಳೆದುಕೊಳ್ಳುತ್ತದೆ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಅದನ್ನು ಕಲ್ಲಿದ್ದಲಿನ ಮೊತ್ತಕ್ಕೆ ಕೂಡಿಸದೆ ಬೇರೆಯಾಗಿ ಬರೆಯುತ್ತಾರೆ. ಅದೇ ಒಲೆಗೆ ಹಳೇ ಟೈರು ಹಾಕಿದರೆ ಮಾತು ಬೇರೆ: ಅದರಲ್ಲಿ ನೆಲದಡಿಯ ಎಣ್ಣೆಯ ಇಂಗಾಲವಿದೆ, ಜೊತೆಗೆ ಒಲೆಯ ಮುಂದೆ ಕೂತವರ ಎದೆಗೆ ನೇರ ವಿಷ.

ಪಾವಗಡದಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇದೆ, ಇನ್ನು ಕಲ್ಲಿದ್ದಲಿನ ಮಾತೇಕೆ ಎನ್ನುವವರಿದ್ದಾರೆ. ಮೆಗಾವಾಟ್ ಎಂದರೆ ಸಾಮರ್ಥ್ಯ, ಯೂನಿಟ್ ಎಂದರೆ ಉತ್ಪಾದನೆ. ರಾತ್ರಿಯಿಲ್ಲದ ದಿನವಿಲ್ಲ, ಮೋಡವಿಲ್ಲದ ಮಳೆಗಾಲವಿಲ್ಲ. ಸೌರ ಫಲಕ ವರ್ಷದ ಸರಾಸರಿಯಲ್ಲಿ ತನ್ನ ಸಾಮರ್ಥ್ಯದ ಸುಮಾರು ಐದನೇ ಒಂದು ಭಾಗದಷ್ಟನ್ನೇ ಕೊಡುತ್ತದೆ.

ಕೊನೆಯದು ಗಡಿಯ ಗೊಂದಲ. ರಾಜ್ಯವಾರು ಲೆಕ್ಕ ಸಾಮಾನ್ಯವಾಗಿ ಕಲ್ಲಿದ್ದಲು ಉರಿದ ಜಾಗಕ್ಕೆ ಸೇರುತ್ತದೆ. ವಿಜಯಪುರ ಜಿಲ್ಲೆಯ ಕೂಡಗಿ ಸ್ಥಾವರದ ವಿದ್ಯುತ್ತಿನಲ್ಲಿ ನೆರೆರಾಜ್ಯಗಳಿಗೂ ಪಾಲಿದೆ, ಆದರೆ ಹೊಗೆಯೆಲ್ಲ ಕರ್ನಾಟಕದ ಖಾತೆಗೆ. ತೆಲಂಗಾಣದ ರಾಮಗುಂಡಂನಿಂದ ಇಲ್ಲಿಗೆ ಬರುವ ಕರೆಂಟಿನ ಹೊಗೆ ಅಲ್ಲಿನ ಖಾತೆಗೆ. ಹೀಗಾಗಿ ರಾಜ್ಯದ ಅಂಕಿಯೊಂದನ್ನೇ ಹಿಡಿದು ಮಂಡ್ಯದ ಪಾಲು ಹೇಳಲಾಗದು. ಅದಕ್ಕೆ ಇಲ್ಲಿ ವಿದ್ಯುತ್ ಹಂಚುವ ಸೆಸ್ಕ್ ಕಂಪನಿ ಯಾವ ಸ್ಥಾವರದಿಂದ ಎಷ್ಟು ಯೂನಿಟ್ ಕೊಂಡಿತು ಎಂಬುದು ಬೇಕು; ಅದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಆದೇಶಗಳಲ್ಲಿ ಸಿಗುತ್ತದೆ. ಸ್ಥಾವರವಾರು ಇಂಗಾಲದ ಅಂಕಿಗಳನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಗುಣಿಸುವ ಕೆಲಸವನ್ನು ಮಳವಳ್ಳಿಯ ಕಾಲೇಜು ವಿದ್ಯಾರ್ಥಿಗಳೂ ಮಾಡಬಹುದು.