ಹಡಗಿನಲ್ಲಿ ಹಿರಿಯರಿಗೆ ಯಾವ ಕೊಠಡಿ?

ಸಮುದ್ರವನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಘಟ್ಟದ ಮೇಲಣ ಜನರಿಗೆ ಹೊಸದಲ್ಲ. ಶಿವಮೊಗ್ಗೆಗೂ ಭದ್ರಾವತಿಗೂ ನಡುವೆ ಇರುವ ಮಾಚೇನಹಳ್ಳಿಯವರಾದ ನಮಗೆ ಒಂದು ಕಡೆ ತುಂಗೆ, ಇನ್ನೊಂದು ಕಡೆ ಭದ್ರೆ. ಇವೆರಡೂ ಕೂಡಲಿಯಲ್ಲಿ ಒಂದಾಗಿ, ಮುಂದೆ ಕೃಷ್ಣೆಯನ್ನು ಸೇರಿ, ಮೂಡಣ ಕಡಲಿಗೆ ಹೋಗುವುವೆಂಬುದನ್ನು ಬಾಲ್ಯದಲ್ಲಿಯೇ ಓದಿ ಬಲ್ಲೆವು. ಆದರೆ ನಾವು ಕಡಲನ್ನು ಕಾಣಲು ಹೋಗುವುದು ಪಡುವಣಕ್ಕೆ. ತೀರ್ಥಹಳ್ಳಿಯ ದಾರಿಯಾಗಿ ಆಗುಂಬೆಯ ಘಟ್ಟವನ್ನಿಳಿದು, ಉಡುಪಿಯಲ್ಲಿ ಕೃಷ್ಣದರ್ಶನ ಮಾಡಿ, ಮಲ್ಪೆಯ ಮರಳಿನಲ್ಲಿ ಮಕ್ಕಳನ್ನು ಆಡಿಸಿ ಹಿಂದಿರುಗುವುದೇ ಬಹುಕಾಲದಿಂದ ನಮ್ಮ ಸಮುದ್ರಯಾತ್ರೆಯಾಗಿತ್ತು. ದಡದಿಂದಾಚೆಗೆ ಹಡಗೇರಿ ಹೋಗುವ ಮಾತು ಉದ್ಯೋಗಕ್ಕಾಗಿ ದೂರದೇಶ ಸೇರುವವರಿಗೆ ಸಂಬಂಧಪಟ್ಟುದೆಂದೇ ಎಣಿಕೆಯಿತ್ತು.

ಈಚೆಗೆ ಈ ಎಣಿಕೆ ಬದಲಾಗಿದೆ. 2021 ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಎಂಬ ಕಂಪನಿಯವರು ‘ಎಂಪ್ರೆಸ್’ ಎಂಬ ವಿಹಾರನೌಕೆಯನ್ನು ಮುಂಬಯಿಯಿಂದ ನಡೆಸಲಾರಂಭಿಸಿದರು. ಫ್ರಾನ್ಸ್ ದೇಶದಲ್ಲಿ ಕಟ್ಟಲ್ಪಟ್ಟು 1990 ರಲ್ಲಿ ಸಂಚಾರಕ್ಕಿಳಿದ ಈ ಹಡಗು ಸುಮಾರು 211 ಮೀಟರು, ಎಂದರೆ 690 ಅಡಿಗಳಷ್ಟು, ಉದ್ದವಾದುದು. ಗೋವೆ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಕೆಲವೇ ರಾತ್ರಿಗಳ ವಿಹಾರವು ಹೀಗೆ ನಮ್ಮ ತೀರದಲ್ಲಿಯೇ ಸಾಧ್ಯವಾದುದರಿಂದ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದ ತಂದೆ, ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಮಗ, ಶಾಲೆಗೆ ಹೋಗುವ ಮೊಮ್ಮಕ್ಕಳು ಎಲ್ಲರೂ ಕೂಡಿ ಹಡಗೇರುವ ಯೋಚನೆ ಮಧ್ಯಮ ವರ್ಗದ ಮನೆಗಳಲ್ಲಿಯೂ ತಲೆಯೆತ್ತಿದೆ. ಎರಡು ಮೂರು ವರ್ಷ ಕೂಡಿಟ್ಟ ಹಣದಿಂದ ಒಂದು ಬಾರಿ ಮಾಡುವ ಯಾತ್ರೆ ಇದು. ವೃದ್ಧರಾದ ತಾಯಿತಂದೆಗಳಿಗೆ ಇದೇ ಮೊದಲನೆಯದೂ ಕಡೆಯದೂ ಆಗಬಹುದು. ಆದುದರಿಂದ ಇಲ್ಲಿ ತಪ್ಪಿದರೆ ಮತ್ತೊಮ್ಮೆ ತಿದ್ದಿಕೊಳ್ಳುವ ಅವಕಾಶ ಸುಲಭವಾಗಿ ದೊರೆಯುವುದಿಲ್ಲ.

ಟಿಕೇಟು ಕೊಳ್ಳುವಾಗ ಗೃಹಸ್ಥನ ಮುಂದೆ ನಾಲ್ಕು ಬಗೆಯ ಕೊಠಡಿಗಳ ಪಟ್ಟಿಯನ್ನಿಡುವರು. ಕಿಟಕಿಯೇ ಇಲ್ಲದ ಒಳಗಣ ಕೊಠಡಿ. ಮುಚ್ಚಿದ ಗಾಜಿನ ಕಿಟಕಿಯುಳ್ಳ ಹೊರಗಣ ಕೊಠಡಿ. ಕಡಲಿಗೆ ಚಾಚಿದ ಮೊಗಸಾಲೆಯುಳ್ಳ ಬಾಲ್ಕನಿ ಕೊಠಡಿ. ಎಲ್ಲಕ್ಕಿಂತ ವಿಶಾಲವಾದ ಸ್ವೀಟು. ಬೆಲೆ ಈ ಕ್ರಮದಲ್ಲಿಯೇ ಏರುವುದು. ಮತ್ತು ಬಹುಮಟ್ಟಿಗೆ ಬೆಲೆಯೊಂದಿಗೆ ಅಂತಸ್ತೂ ಏರುವುದು. ಹಡಗಿನ ಅಂತಸ್ತುಗಳಿಗೆ ಡೆಕ್ಕುಗಳೆಂದು ಹೆಸರು. ನಮ್ಮವರ ಸ್ವಭಾವವೇನೆಂದರೆ, ಹಿರಿಯರಿಗೆ ಉತ್ತಮವಾದುದು ಸಲ್ಲಬೇಕು, ಉತ್ತಮವಾದುದು ಬೆಲೆಯುಳ್ಳದ್ದು, ಬೆಲೆಯುಳ್ಳದ್ದು ಮೇಲಿರುವುದು ಎಂದು ಭಾವಿಸಿ, ತಾಯಿತಂದೆಗಳಿಗೆ ಎಲ್ಲಕ್ಕಿಂತ ಮೇಲಣ ಡೆಕ್ಕಿನ ಬಾಲ್ಕನಿಯನ್ನು ಕೊಟ್ಟು ಧನ್ಯರಾಗುವುದು. ಭಾವನೆಯು ಪೂಜ್ಯವಾದುದೇ ಸರಿ. ಆದರೆ ಹಡಗಿನ ನಡೆಯನ್ನು ಬಲ್ಲವರು ಇದನ್ನು ಒಪ್ಪುವುದಿಲ್ಲ. ಹಡಗಿನಲ್ಲಿ ಕೊಠಡಿಯ ಅಲಂಕಾರಕ್ಕಿಂತ ಅದರ ಸ್ಥಾನವೇ ಮುಖ್ಯ. ವೃದ್ಧರಿಗೆ ಸಲ್ಲಬೇಕಾದ ಸ್ಥಾನವು ಮೇಲಿನದಲ್ಲ, ನಡುವಿನದು ಮತ್ತು ಕೆಳಗಿನದು.

ಇದರ ಕಾರಣವನ್ನು ತಿಳಿಯಲು ದೊಡ್ಡ ವಿದ್ಯೆ ಬೇಕಿಲ್ಲ. ಮಕ್ಕಳು ಹಲಗೆಯೊಂದನ್ನು ಮರದ ದಿಮ್ಮಿಯ ಮೇಲೆ ಅಡ್ಡಲಾಗಿಟ್ಟು, ಎರಡು ತುದಿಗಳಲ್ಲಿ ಕುಳಿತು ಏರಿಳಿಯುವ ಆಟವನ್ನು ನಾವೆಲ್ಲ ನೋಡಿರುವೆವು. ತುದಿಯಲ್ಲಿರುವವನು ಆಳೆತ್ತರ ಏರಿ ಇಳಿಯುವಾಗ ನಡುವೆ ನಿಂತವನು ಅಲುಗುವುದು ಅತ್ಯಲ್ಪ. ಎದುರಿನಿಂದ ಬರುವ ಅಲೆಗಳಿಗೆ ಹಡಗು ಹೀಗೆಯೇ ಮುಂದೆಯೂ ಹಿಂದೆಯೂ ತೂಗುವುದು. ಆದುದರಿಂದ ಹಡಗಿನ ಮೂತಿಯ ಬಳಿಯ ಮತ್ತು ಬಾಲದ ಬಳಿಯ ಕೊಠಡಿಗಳು ಬಹಳವಾಗಿ ಏರಿಳಿಯುವುವು, ನಡುಭಾಗದವು ನೆಮ್ಮದಿಯಾಗಿರುವುವು. ಅಲೆಗಳು ಪಕ್ಕದಿಂದ ಬಂದಾಗಲಾದರೋ ಹಡಗು ಎಡಕ್ಕೂ ಬಲಕ್ಕೂ ವಾಲುವುದು. ರಥೋತ್ಸವದಲ್ಲಿ ತೇರಿನ ಗಾಲಿ ಒಂದು ಸಣ್ಣ ಕಲ್ಲನ್ನು ಹತ್ತಿದರೆ ಅಚ್ಚಿನ ಬಳಿ ಅಲುಗಾಟ ಬೆರಳಿನಷ್ಟು. ಮೇಲಣ ಕಳಸ ಮಾತ್ರ ಮೊಳದಷ್ಟು ತೂಗುವುದು. ಮೇಲಣ ಡೆಕ್ಕಿನವರ ಪಾಡು ಕಳಸದ ಪಾಡು. ಈ ಎರಡು ದೃಷ್ಟಾಂತಗಳನ್ನು ಕೂಡಿಸಿದರೆ ದೊರೆಯುವ ಸೂತ್ರವು ಸರಳವಾದುದು: ಉದ್ದದಲ್ಲಿ ನಡು, ಎತ್ತರದಲ್ಲಿ ತಗ್ಗು.

ಗೃಹಸ್ಥರಿಗೆ ಇದು ಅನುಭವದಲ್ಲಿಲ್ಲದ ಮಾತಲ್ಲ. ಆಗುಂಬೆಯ ತಿರುವುಗಳಲ್ಲಿ ಬಸ್ಸಿನ ಕಡೆಯ ಸಾಲಿನಲ್ಲಿ ಅಜ್ಜಿಯನ್ನು ಯಾರೂ ಕೂರಿಸುವುದಿಲ್ಲ. ರೈಲಿನಲ್ಲಿ ಕೆಳಗಣ ಬರ್ತನ್ನು ಹಿರಿಯರಿಗೆ ಬಿಟ್ಟು ಕಿರಿಯರು ಮೇಲೇರುವರು. ಅಲ್ಲಿ ಕೆಳಗಣದನ್ನು ಕೊಟ್ಟುದರಿಂದ ಗೌರವಕ್ಕೆ ಕುಂದುಬಂದಿತೆಂದು ಯಾರೂ ತಿಳಿಯರು. ಹಡಗಿನಲ್ಲಿಯೂ ಹಾಗೆಯೇ ತಿಳಿಯಬೇಕು.

ಈಗಿನ ಹಡಗುಗಳಿಗೆ ನೀರಿನೊಳಗೆ ಎರಡು ಪಕ್ಕಗಳಲ್ಲಿಯೂ ಮೀನಿನ ರೆಕ್ಕೆಗಳಂತೆ ಚಾಚುವ ಫಲಕಗಳಿರುವುವಲ್ಲವೇ ಎಂದು ಕೆಲವರು ಕೇಳಬಹುದು. ಇರುವುದು ನಿಜ, ಅವು ಪಕ್ಕದ ವಾಲಾಟವನ್ನು ಬಹಳಮಟ್ಟಿಗೆ ತಗ್ಗಿಸುವುವು. ಆದರೆ ಮುಂದುಹಿಂದಿನ ತೂಗಾಟದ ಮೇಲೆ ಅವುಗಳ ಹಿಡಿತ ಅಲ್ಪ. ಕಾಲವನ್ನೂ ಗಮನಿಸಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ನೈರುತ್ಯ ಮಾರುತದಿಂದ ಅರಬ್ಬೀ ಸಮುದ್ರವು ಕೆರಳಿರುವುದು. ನವೆಂಬರಿನಿಂದ ಫೆಬ್ರವರಿಯವರೆಗೆ ಪಡುವಣ ಕಡಲು ಸಾಮಾನ್ಯವಾಗಿ ಶಾಂತ. ವೃದ್ಧರನ್ನು ಕರೆದೊಯ್ಯುವವರು ಈ ತಿಂಗಳುಗಳನ್ನೇ ಆರಿಸತಕ್ಕದ್ದು.

ಕಡಲಬೇನೆಯ ಮೂಲವು ಹೊಟ್ಟೆಯಲ್ಲಿಲ್ಲ, ಕಿವಿಯಲ್ಲಿದೆ. ಕಿವಿಯ ಒಳಭಾಗದಲ್ಲಿ ದೇಹದ ಸಮತೋಲವನ್ನು ಅರಿಯುವ ಅಂಗವುಂಟು. ದೇಹವು ತೂಗುತ್ತಿದೆಯೆಂದು ಅದು ಹೇಳುವುದು. ನಾಲ್ಕು ಗೋಡೆಗಳನ್ನು ಮಾತ್ರ ಕಾಣುವ ಕಣ್ಣು ಏನೂ ಅಲುಗುತ್ತಿಲ್ಲವೆನ್ನುವುದು. ಈ ಎರಡು ಸಾಕ್ಷಿಗಳ ವಿರೋಧದಿಂದ ತಲೆಸುತ್ತೂ ವಾಂತಿಯೂ ಹುಟ್ಟುವುವು. ದೂರದ ದಿಗಂತವನ್ನು ನೋಡಿದರೆ ಕಣ್ಣೂ ಕಿವಿಯೂ ಒಂದೇ ಮಾತನ್ನಾಡುವುದರಿಂದ ಉಪಶಮನವಾಗುವುದು. ಆದುದರಿಂದ ಬೇನೆಗೆ ಸುಲಭವಾಗಿ ಒಳಗಾಗುವವರಿಗೆ ಕಿಟಕಿಯಿರುವ ಕೊಠಡಿ ಮೇಲು. ಗಟ್ಟಿಯಾದ ಮೈಯವರಿಗೆ ಒಳಗಣ ಕೊಠಡಿಯೂ ಸಾಕು. ಅದರ ದಟ್ಟವಾದ ಕತ್ತಲೆಯಲ್ಲಿ ನಿದ್ರೆ ಚೆನ್ನಾಗಿ ಬರುವುದೆಂದು ಮೆಚ್ಚುವವರೂ ಉಂಟು. ರಕ್ತದೊತ್ತಡಕ್ಕೋ ಸಕ್ಕರೆ ಕಾಯಿಲೆಗೋ ಔಷಧ ಸೇವಿಸುವ ಹಿರಿಯರು ಕಡಲಬೇನೆಯ ಮಾತ್ರೆಯನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಕೂಡದು.

ತೂಗಾಟದ ಅನಂತರ ವಿಚಾರಿಸಬೇಕಾದುದು ಸದ್ದು. ಹಡಗೆಂದರೆ ತೇಲುವ ಒಂದು ಊರು. ಅದರಲ್ಲಿ ಅಡಿಗೆಮನೆ, ನಾಟಕಶಾಲೆ, ಕುಣಿತದ ಅಂಗಣ, ಈಜುಕೊಳ ಎಲ್ಲವೂ ಇರುವುವು. ಈಜುಕೊಳದ ಡೆಕ್ಕಿನ ನೇರ ಕೆಳಗಣ ಕೊಠಡಿಯಲ್ಲಿ ಬೆಳಗಿನ ಜಾವದಲ್ಲಿಯೇ ಕುರ್ಚಿಗಳನ್ನೆಳೆಯುವ ಸದ್ದು. ಕುಣಿತದ ಅಂಗಣದ ಕೆಳಗೆ ನಡುರಾತ್ರಿಯವರೆಗೆ ವಾದ್ಯಗಳ ಸದ್ದು. ಮೂತಿಯ ಬಳಿ ಲಂಗರಿನ ಸರಪಣಿಯ ಸದ್ದು. ಬಾಲದ ಬಳಿ ಯಂತ್ರಗಳ ಅದುರು. ಆದುದರಿಂದ ಹಡಗಿನ ನಕ್ಷೆಯನ್ನು ಮುಂದಿಟ್ಟುಕೊಂಡು, ನಾವು ಆರಿಸುವ ಕೊಠಡಿಯ ಮೇಲಣ ಡೆಕ್ಕಿನಲ್ಲಿಯೂ ಕೆಳಗಣ ಡೆಕ್ಕಿನಲ್ಲಿಯೂ ಕೊಠಡಿಗಳೇ ಇವೆಯೇ ಎಂದು ನೋಡತಕ್ಕದ್ದು. ಮಲಗುವವರ ನಡುವೆ ಮಲಗಿದವನಿಗೆ ನಿದ್ರೆಗೆ ಕೊರತೆಯಿಲ್ಲ. ಕೆಲವು ಕಿಟಕಿಗಳ ಮುಂದೆ ಪ್ರಾಣರಕ್ಷಕ ದೋಣಿಗಳು ತೂಗಿಕೊಂಡು ನೋಟವನ್ನು ಮರೆಮಾಡುವುವೆಂಬುದನ್ನೂ ನಕ್ಷೆಯಲ್ಲಿಯೇ ಕಂಡುಕೊಳ್ಳಬಹುದು.

ಕೊಠಡಿಯ ಸಂಖ್ಯೆಯನ್ನು ಓದುವುದೂ ಒಂದು ಕಲೆ. ಸಾಮಾನ್ಯವಾಗಿ ಮೊದಲ ಅಂಕೆಯು ಡೆಕ್ಕನ್ನು ಸೂಚಿಸುವುದು. ಉಳಿದ ಅಂಕೆಗಳು ಮೂತಿಯಿಂದ ಬಾಲದ ಕಡೆಗೆ ಹೆಚ್ಚುತ್ತ ಹೋಗುವುದು ರೂಢಿ. ಅನೇಕ ಹಡಗುಗಳಲ್ಲಿ ಸಮಸಂಖ್ಯೆಗಳು ಒಂದು ಬದಿಗೂ ಬೆಸಸಂಖ್ಯೆಗಳು ಇನ್ನೊಂದು ಬದಿಗೂ ಇರುವುವು. ಯಾವುದು ಯಾವ ಬದಿಯೆಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಮುಂಬಯಿಯಿಂದ ತೆಂಕಣಕ್ಕೆ ಸಾಗುವ ಹಡಗಿನಲ್ಲಿ ಮುಂದಕ್ಕೆ ಮುಖಮಾಡಿ ನಿಂತವನ ಎಡಕ್ಕೆ ತೀರವೂ ಸೂರ್ಯೋದಯವೂ, ಬಲಕ್ಕೆ ತೆರೆದ ಕಡಲೂ ಸೂರ್ಯಾಸ್ತವೂ ಇರುವುವು. ಬಂದ ದಾರಿಯಲ್ಲಿಯೇ ಹಿಂದಿರುಗುವಾಗ ಇದು ತಿರುಗುಮುರುಗಾಗುವುದು. ಆದುದರಿಂದ ಹೋಗಿಬರುವ ಯಾತ್ರೆಯಲ್ಲಿ ಬದಿಗಾಗಿ ಹೆಚ್ಚು ಹಣವನ್ನು ತೆರುವುದು ವ್ಯರ್ಥ.

ಇನ್ನು ಅಪಾಯಕಾಲದ ವಿಚಾರ. 2012 ರ ಜನವರಿ 13 ರಂದು ಇಟಲಿಯ ತೀರದಲ್ಲಿ ‘ಕೋಸ್ತಾ ಕಾಂಕಾರ್ಡಿಯಾ’ ಎಂಬ ವಿಹಾರನೌಕೆಯು ಬಂಡೆಗೆ ತಗುಲಿ ಮಗುಚಿ 32 ಮಂದಿ ಮರಣಹೊಂದಿದರು. ಅಂದೇ ಹಡಗೇರಿದ್ದ ಅನೇಕ ಪ್ರಯಾಣಿಕರಿಗೆ ಆಪತ್ತಿನಲ್ಲಿ ಎಲ್ಲಿ ಸೇರಬೇಕೆಂಬ ಅಭ್ಯಾಸವು ಆಗ ಇನ್ನೂ ನಡೆದಿರಲಿಲ್ಲ. ಅಲ್ಲಿಯವರೆಗೆ ಹೊರಟ 24 ಗಂಟೆಗಳೊಳಗೆ ಅಭ್ಯಾಸ ನಡೆಸಿದರೆ ಸಾಕೆಂದಿದ್ದ ಅಂತರರಾಷ್ಟ್ರೀಯ ನಿಯಮವನ್ನು ತಿದ್ದಿ, ಹೊರಡುವುದಕ್ಕೆ ಮುಂಚೆ ಅಥವಾ ಹೊರಟ ಕೂಡಲೇ ನಡೆಸಬೇಕೆಂದು 2015 ರಿಂದ ವಿಧಿಸಲಾಯಿತು. ಈ ಅಭ್ಯಾಸಕ್ಕೆ ಅಜ್ಜಿಯಿಂದ ಹಿಡಿದು ಮೊಮ್ಮಗುವಿನವರೆಗೆ ಎಲ್ಲರೂ ಹೋಗಲೇಬೇಕು. ಆಪತ್ತಿನಲ್ಲಿ ಲಿಫ್ಟನ್ನು ಉಪಯೋಗಿಸಕೂಡದು, ಮೆಟ್ಟಿಲುಗಳೇ ಗತಿ. ಇಲ್ಲಿಯೇ ನಮ್ಮ ಸೂತ್ರಕ್ಕೆ ಒಂದು ಮಿತಿಯೂ ಉಂಟು: ತಗ್ಗು ಒಳ್ಳೆಯದೆಂದು ಅತ್ಯಂತ ತಳದ ಡೆಕ್ಕನ್ನು ಆರಿಸಿದರೆ, ಮೊಣಕಾಲು ನೋವಿನವರು ಆಪತ್ತಿನಲ್ಲಿ ಹಲವು ಅಂತಸ್ತುಗಳನ್ನು ಹತ್ತಬೇಕಾದೀತು. ಜನ ಒಟ್ಟುಗೂಡುವ ಸ್ಥಳವು ಯಾವ ಡೆಕ್ಕಿನಲ್ಲಿದೆಯೆಂದು ಮೊದಲೇ ಕೇಳಿ, ಅದಕ್ಕೆ ಒಂದೆರಡು ಅಂತಸ್ತುಗಳೊಳಗೆ ಇರುವಂತೆ ನೋಡಿಕೊಳ್ಳುವುದು ವಿವೇಕ.

ಈ ವಿಚಾರಗಳನ್ನು ಆರು ಜನರ ಒಂದು ಸಂಸಾರಕ್ಕೆ ಅನ್ವಯಿಸಿ ನೋಡೋಣ: ತಾತ, ಅಜ್ಜಿ, ಮಗ, ಸೊಸೆ, ಇಬ್ಬರು ಮಕ್ಕಳು. ಮೇಲಣ ಡೆಕ್ಕಿನಲ್ಲಿ ಹಿರಿಯರಿಗೊಂದು ಬಾಲ್ಕನಿ, ಉಳಿದವರಿಗೆ ಎಲ್ಲಿಯೋ ಒಂದು ಕೊಠಡಿ ಎಂಬುದು ಮೊದಲನೆಯ ದಾರಿ. ಇದರಲ್ಲಿ ಹಣವೂ ಹೆಚ್ಚು, ಹಿರಿಯರಿಗೆ ತೂಗಾಟವೂ ಹೆಚ್ಚು. ರಾತ್ರಿ ತಾತನಿಗೆ ಎದೆನೋವು ಬಂದರೆ ಮಗನು ಇರುವುದು ನೂರು ಗಜ ದೂರದಲ್ಲಿ. ಎರಡನೆಯ ದಾರಿಯೆಂದರೆ, ತಗ್ಗಿನ ಡೆಕ್ಕಿನ ನಡುಭಾಗದಲ್ಲಿ ಹಿರಿಯರಿಗೆ ಕಿಟಕಿಯುಳ್ಳ ಕೊಠಡಿ; ಅದರ ಎದುರಿಗೇ, ಓಣಿಯ ಆ ಪಕ್ಕದಲ್ಲಿ, ಮಗ ಸೊಸೆ ಮಕ್ಕಳಿಗೆ ನಾಲ್ಕು ಹಾಸಿಗೆಗಳ ಒಳಗಣ ಕೊಠಡಿ. ಗೋಡೆಯಿಂದ ಇಳಿಸುವ ಮೇಲ್ಹಾಸಿಗೆ ಮಕ್ಕಳಿಗೆ ಉತ್ಸಾಹದ ವಸ್ತು. ಲಿಫ್ಟು ಹತ್ತು ಹೆಜ್ಜೆಯಲ್ಲಿರಲಿ, ಆದರೆ ಅದರ ಬಾಗಿಲಿಗೇ ಎದುರಾಗದಿರಲಿ. ಬಾಲ್ಕನಿಯಿಲ್ಲದುದರಿಂದ ಕಂಬಿಯ ಬಳಿ ಕುರ್ಚಿಯೆಳೆದು ಮಕ್ಕಳು ಹತ್ತುವರೆಂಬ ಭಯವೂ ಇಲ್ಲ. ಸಮುದ್ರವನ್ನು ನೋಡಲು ಎಲ್ಲರಿಗೂ ಸೇರಿದ ತೆರೆದ ಡೆಕ್ಕು ಇದ್ದೇ ಇದೆ. ನಮ್ಮ ಮತದಲ್ಲಿ ಈ ಎರಡನೆಯದೇ ಸಂಸಾರಸ್ಥರ ದಾರಿ.

ಕಡೆಯದಾಗಿ ಒಂದು ಎಚ್ಚರಿಕೆ. ಕೊಠಡಿಯ ವರ್ಗವನ್ನು ಮಾತ್ರ ಗೊತ್ತುಮಾಡಿ, ಸಂಖ್ಯೆಯನ್ನು ಕಂಪನಿಯ ಇಷ್ಟಕ್ಕೆ ಬಿಡುವ ಅಗ್ಗದ ಟಿಕೇಟುಗಳು ದೊರೆಯುವುದುಂಟು. ಇಬ್ಬರೇ ಹೋಗುವ ತರುಣರಿಗೆ ಇದು ಲಾಭ. ವೃದ್ಧರೂ ಮಕ್ಕಳೂ ಇರುವ ಸಂಸಾರಕ್ಕೆ ಇದು ಸಲ್ಲದು. ಒಂದು ಕೊಠಡಿ ಮೂತಿಯಲ್ಲಿಯೂ ಇನ್ನೊಂದು ಬಾಲದಲ್ಲಿಯೂ ಬಂದರೆ ದೂರುವುದಕ್ಕೆ ಹಕ್ಕಿರುವುದಿಲ್ಲ. ಸಂಖ್ಯೆಯನ್ನು ಆರಿಸಲು ಸ್ವಲ್ಪ ಹೆಚ್ಚು ತೆರಬೇಕಾದರೆ ತೆರುವುದೇ ಲೇಸು. ಟಿಕೇಟು ಕೊಳ್ಳುವ ಮುನ್ನ ನಕ್ಷೆಯನ್ನು ಹಿರಿಯರ ಮುಂದೆ ಹಾಸಿ, ರಾತ್ರಿ ಎಷ್ಟು ಬಾರಿ ಏಳುವರು, ಎಷ್ಟು ಮೆಟ್ಟಿಲು ಹತ್ತಬಲ್ಲರು, ಬಸ್ಸಿನಲ್ಲಿ ತಲೆ ತಿರುಗುವುದೇ ಎಂದು ವಿನಯದಿಂದ ಕೇಳಿ ತಿಳಿಯಬೇಕು. ಅವರು ಅಂಜಿ ಹೇಳದ ಸಂಗತಿಗಳು ಈ ಮೂರು ಪ್ರಶ್ನೆಗಳಿಂದ ಹೊರಬರುವುವು; ಕೊಠಡಿಯ ಸ್ಥಾನವು ಆಗ ತಾನಾಗಿಯೇ ಗೊತ್ತಾಗುವುದು.