ವೈರ್ ಫೀಡರ್ ಮತ್ತು ಬೆಸುಗೆ ವಿದ್ಯುತ್ ಮೂಲಗಳ ಹೊಂದಾಣಿಕೆ

ವೈರ್ ಫೀಡರ್ ಎಂಬುದು ಆರ್ಕ್ ಬೆಸುಗೆಯಲ್ಲಿ ಸುರುಳಿಯ ರೂಪದಲ್ಲಿರುವ ಲೋಹದ ತಂತಿಯನ್ನು ಮೋಟಾರಿನ ನೆರವಿನಿಂದ ಬೆಸುಗೆಯ ಗನ್ನಿಗೆ ಎಡೆಬಿಡದೆ ಪೂರೈಸುವ ಸಾಧನ. ಆ ತಂತಿಯನ್ನು ಕರಗಿಸಲು ಬೇಕಾದ ವಿದ್ಯುತ್ತನ್ನು ಒದಗಿಸುವ ಯಂತ್ರವನ್ನು ವಿದ್ಯುತ್ ಮೂಲ ಅಥವಾ ಪವರ್ ಸೋರ್ಸ್ ಎನ್ನುತ್ತಾರೆ. ಮಿಗ್, ಮ್ಯಾಗ್ ಹಾಗೂ ಫ್ಲಕ್ಸ್ ತುಂಬಿದ ತಂತಿಯ ಬೆಸುಗೆಗಳಲ್ಲಿ ಇವೆರಡೂ ಜೊತೆಯಾಗಿ ಕೆಲಸ ಮಾಡುತ್ತವೆ. ಭಾರತದ ಕಾರ್ಯಾಗಾರಗಳಲ್ಲಿ ಮ್ಯಾಗ್ ವಿಧಾನವು ಸಿಓಟು ವೆಲ್ಡಿಂಗ್ ಎಂಬ ಹೆಸರಿನಿಂದಲೇ ಪರಿಚಿತವಾಗಿದೆ.

ಎರಡು ಯಂತ್ರಗಳ ಪ್ಲಗ್ ಮತ್ತು ಸಾಕೆಟ್ ಒಂದಕ್ಕೊಂದು ಕೂಡಿದ ಮಾತ್ರಕ್ಕೆ ಅವು ಪರಸ್ಪರ ಹೊಂದುತ್ತವೆ ಎಂದು ತಿಳಿಯಲಾಗದು. ವಿದ್ಯುತ್ ಮೂಲದ ಬಗೆ, ನಿಯಂತ್ರಣ ವೋಲ್ಟೇಜ್, ಪಿನ್‌ಗಳ ಜೋಡಣೆಯ ಕ್ರಮ ಮತ್ತು ಸಾಮರ್ಥ್ಯ ಈ ನಾಲ್ಕೂ ತಾಳೆಯಾಗಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಬೆಸುಗೆ ಕೆಡಬಹುದು, ಮೋಟಾರು ಅಥವಾ ನಿಯಂತ್ರಣ ಫಲಕ ಸುಟ್ಟುಹೋಗಬಹುದು.

ಹಿನ್ನೆಲೆ

ತಂತಿಯನ್ನು ಯಂತ್ರದಿಂದ ಪೂರೈಸುವ ಸ್ವಯಂಚಾಲಿತ ಬೆಸುಗೆಯು 1920ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಪಿ. ಓ. ನೋಬೆಲ್ ಅವರಿಂದ ರೂಪುಗೊಂಡಿತು. ಆರ್ಕ್‌ನ ವೋಲ್ಟೇಜನ್ನು ಆಧರಿಸಿ ತಂತಿಯ ವೇಗವನ್ನು ನಿಯಂತ್ರಿಸುವುದು ಅದರ ತತ್ತ್ವವಾಗಿತ್ತು. ಅನಿಲದ ರಕ್ಷಣೆಯಲ್ಲಿ ತಂತಿಯಿಂದ ಬೆಸೆಯುವ ವಿಧಾನವನ್ನು 1948ರಲ್ಲಿ ಬ್ಯಾಟೆಲ್ ಮೆಮೋರಿಯಲ್ ಇನ್‌ಸ್ಟಿಟ್ಯೂಟ್ ಅಭಿವೃದ್ಧಿಪಡಿಸಿತು. 1953ರಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲದ ಬಳಕೆ ಆರಂಭವಾದ ಮೇಲೆ ಉಕ್ಕಿನ ಬೆಸುಗೆಯ ವೆಚ್ಚ ತಗ್ಗಿ, ಈ ವಿಧಾನವು ವ್ಯಾಪಕವಾಗಿ ಹರಡಿತು.

ವಿದ್ಯುತ್ ಮೂಲದ ಬಗೆಗಳು

ಸ್ಥಿರ ವೋಲ್ಟೇಜ್ ಮೂಲ: ಇದನ್ನು ಸಂಕ್ಷಿಪ್ತವಾಗಿ ಸಿವಿ ಎನ್ನುತ್ತಾರೆ. ಇದರಲ್ಲಿ ಪ್ರವಾಹವು 100 ಆಂಪಿಯರ್‌ನಷ್ಟು ಹೆಚ್ಚಿದರೂ ವೋಲ್ಟೇಜ್ ಕೆಲವೇ ವೋಲ್ಟುಗಳಷ್ಟು ಇಳಿಯುತ್ತದೆ. ಕೈ ಸ್ವಲ್ಪ ಕೆಳಗಿಳಿದು ಆರ್ಕ್ ಗಿಡ್ಡವಾದರೆ ಪ್ರವಾಹ ಒಮ್ಮೆಲೇ ಏರುತ್ತದೆ. ತಂತಿ ಬೇಗ ಕರಗಿ ಆರ್ಕ್ ಮೊದಲಿನ ಉದ್ದಕ್ಕೆ ಮರಳುತ್ತದೆ. ಆರ್ಕ್ ಉದ್ದವಾದರೆ ಪ್ರವಾಹ ಇಳಿದು, ಕರಗುವುದು ನಿಧಾನವಾಗಿ, ಮತ್ತೆ ಸಮತೋಲ ಉಂಟಾಗುತ್ತದೆ. ಈ ಗುಣವನ್ನು ಆರ್ಕ್‌ನ ಸ್ವಯಂ ನಿಯಂತ್ರಣ ಎಂದು ಕರೆಯಲಾಗುತ್ತದೆ.

ಸ್ಥಿರ ಪ್ರವಾಹ ಮೂಲ: ಇದು ಸಿಸಿ. ಕೈಯಿಂದ ಹಿಡಿದು ಬೆಸೆಯುವ ಎಲೆಕ್ಟ್ರೋಡ್ ಕಡ್ಡಿ ಮತ್ತು ಟಿಗ್ ವಿಧಾನಗಳಿಗೆ ಇದು ಸೂಕ್ತ. ಆರ್ಕ್‌ನ ಉದ್ದ ಬದಲಾದರೂ ಪ್ರವಾಹ ಬಹುತೇಕ ಒಂದೇ ಮಟ್ಟದಲ್ಲಿ ಉಳಿಯುವುದರಿಂದ, ಇಲ್ಲಿ ಸ್ವಯಂ ನಿಯಂತ್ರಣವು ಅತ್ಯಲ್ಪ.

ವೈರ್ ಫೀಡರಿನ ಬಗೆಗಳು

ಸ್ಥಿರ ವೇಗದ ಫೀಡರ್ ತಂತಿಯನ್ನು ನಿಗದಿಪಡಿಸಿದ ಒಂದೇ ವೇಗದಲ್ಲಿ ನೂಕುತ್ತದೆ. ಇದಕ್ಕೆ ಸ್ಥಿರ ವೋಲ್ಟೇಜಿನ ಮೂಲವೇ ತಕ್ಕ ಜೋಡಿ. ಈ ಜೋಡಿಯಲ್ಲಿ ತಂತಿಯ ವೇಗವು ಪ್ರವಾಹವನ್ನೂ, ಮೂಲದ ವೋಲ್ಟೇಜ್ ಆರ್ಕ್‌ನ ಉದ್ದವನ್ನೂ ನಿರ್ಧರಿಸುತ್ತವೆ. ಇದೇ ಫೀಡರನ್ನು ಸ್ಥಿರ ಪ್ರವಾಹದ ಮೂಲಕ್ಕೆ ಜೋಡಿಸಿದರೆ ವ್ಯತ್ಯಾಸವನ್ನು ಸರಿಪಡಿಸುವ ಶಕ್ತಿ ಎರಡರಲ್ಲೂ ಇರುವುದಿಲ್ಲ. ಕರಗುವಿಕೆ ಪೂರೈಕೆಗಿಂತ ಹೆಚ್ಚಾದಾಗ ಆರ್ಕ್ ಹಿಂದಕ್ಕೇರಿ ತಂತಿಯು ಗನ್ನಿನ ಕಾಂಟ್ಯಾಕ್ಟ್ ಟಿಪ್‌ಗೆ ಅಂಟಿಕೊಳ್ಳುತ್ತದೆ. ಕಡಿಮೆಯಾದಾಗ ತಂತಿ ಕರಗದೆ ಲೋಹಕ್ಕೆ ಕುಟ್ಟುತ್ತದೆ. ಮುಂದಿನ ದಾರಿ ಕಟ್ಟಿಕೊಂಡಾಗ ತಂತಿಯು ಫೀಡರಿನ ರೋಲರುಗಳ ಬಳಿ ಹಕ್ಕಿಗೂಡಿನಂತೆ ಸಿಕ್ಕುಬೀಳುವುದೂ ಉಂಟು.

ವೋಲ್ಟೇಜ್ ಗ್ರಹಿಸುವ ಫೀಡರ್ ತನ್ನ ಮೋಟಾರಿಗೆ ಬೇಕಾದ ವಿದ್ಯುತ್ತನ್ನು ಆರ್ಕ್‌ನಿಂದಲೇ ಪಡೆಯುತ್ತದೆ. ಇದಕ್ಕಾಗಿ ಅದರಿಂದ ಹೊರಡುವ ಒಂದು ತೆಳು ತಂತಿಯ ಕ್ಲಿಪ್ಪನ್ನು ಬೆಸೆಯುವ ವಸ್ತುವಿಗೆ ಕಚ್ಚಿಸಲಾಗುತ್ತದೆ. ಆರ್ಕ್ ಉದ್ದವಾಗಿ ವೋಲ್ಟೇಜ್ ಏರಿದರೆ ಮೋಟಾರು ವೇಗ ಹೆಚ್ಚಿಸುತ್ತದೆ, ಇಳಿದರೆ ತಗ್ಗಿಸುತ್ತದೆ. ಆದ್ದರಿಂದ ಇದನ್ನು ಸ್ಥಿರ ಪ್ರವಾಹದ ಮೂಲದೊಂದಿಗೆ ಬಳಸಬಹುದು. ಎಂಜಿನ್ ಚಾಲಿತ ಜನರೇಟರುಗಳಿಂದ ಬಯಲಿನಲ್ಲಿ ಕೆಲಸ ಮಾಡುವಾಗ ನಿಯಂತ್ರಣ ಕೇಬಲ್ ಬೇಕಿಲ್ಲದಿರುವುದು ಇದರ ಅನುಕೂಲ. ಆದರೂ ಬೆಸುಗೆಯ ಗುಣಮಟ್ಟ ಮುಖ್ಯವಾಗಿರುವಲ್ಲಿ ಸ್ಥಿರ ವೋಲ್ಟೇಜಿನ ಮೂಲಕ್ಕೆ ಆದ್ಯತೆ ಇದೆ. ಇಂತಹ ಅನೇಕ ಫೀಡರುಗಳಲ್ಲಿ ಸಿಸಿ ಮತ್ತು ಸಿವಿ ನಡುವೆ ಬದಲಿಸುವ ಸ್ವಿಚ್ ಇರುತ್ತದೆ. ಅದು ಮೂಲದ ಬಗೆಗೆ ತಕ್ಕ ಸ್ಥಾನದಲ್ಲಿರಬೇಕು.

ನಿಯಂತ್ರಣ ವೋಲ್ಟೇಜ್ ಮತ್ತು ಪಿನ್‌ಗಳು

ಆರ್ಕ್‌ನಿಂದ ವಿದ್ಯುತ್ ಪಡೆಯದ ಫೀಡರಿಗೆ ಮೂಲದಿಂದ ಪ್ರತ್ಯೇಕ ಕೇಬಲ್ ಮೂಲಕ ವಿದ್ಯುತ್ ಬರುತ್ತದೆ. 24, 42 ಮತ್ತು 115 ವೋಲ್ಟ್ ಪರ್ಯಾಯ ವಿದ್ಯುತ್ ಇಲ್ಲಿ ಹೆಚ್ಚಾಗಿ ಕಂಡುಬರುವ ಮಟ್ಟಗಳು. 24 ವೋಲ್ಟಿಗೆ ರೂಪಿಸಿದ ಫೀಡರಿಗೆ 42 ಅಥವಾ 115 ವೋಲ್ಟ್ ದೊರೆತರೆ ರಿಲೇ, ಮೋಟಾರು ಮತ್ತು ನಿಯಂತ್ರಣ ಫಲಕಗಳು ಸುಡಬಹುದು. ಬೇಕಾದುದಕ್ಕಿಂತ ಕಡಿಮೆ ವೋಲ್ಟೇಜ್ ದೊರೆತರೆ ರಿಲೇಗಳು ಸರಿಯಾಗಿ ಕೂಡುವುದಿಲ್ಲ, ಮೋಟಾರಿಗೆ ತಂತಿಯನ್ನು ನೂಕುವ ಬಲ ಸಾಲದು.

ಹೆಚ್ಚಿನ ಅಪಾಯ ಇರುವುದು ಹೊರನೋಟಕ್ಕೆ ಒಂದೇ ಆಗಿರುವ ಪ್ಲಗ್‌ಗಳಲ್ಲಿ. ಅಮೆರಿಕದ ಮಿಲ್ಲರ್ ಮತ್ತು ಲಿಂಕನ್ ಎಲೆಕ್ಟ್ರಿಕ್ ಎರಡೂ 14 ಪಿನ್‌ಗಳ ದುಂಡನೆಯ ಸಾಕೆಟ್ ಬಳಸುತ್ತವೆ. ಆದರೆ ಮಿಲ್ಲರ್ ಯಂತ್ರಗಳಲ್ಲಿ 24 ಮತ್ತು 115 ವೋಲ್ಟ್, ಲಿಂಕನ್ ಯಂತ್ರಗಳಲ್ಲಿ 42 ಮತ್ತು 115 ವೋಲ್ಟ್ ಸಾಮಾನ್ಯ. ಯಾವ ಪಿನ್ನಿನಲ್ಲಿ ಏನು ಹರಿಯುತ್ತದೆ ಎಂಬ ಕ್ರಮವೂ ಒಂದೇ ಅಲ್ಲ. ಒಂದು ಯಂತ್ರದಲ್ಲಿ ಮೋಟಾರಿನ ವಿದ್ಯುತ್ತನ್ನು ಒಯ್ಯುವ ಪಿನ್ ಇನ್ನೊಂದರಲ್ಲಿ ಸೂಕ್ಷ್ಮ ಸಂಕೇತದ ಪಿನ್ ಆಗಿರಬಹುದು. ಆಗ ಫೀಡರ್ ಮಾತ್ರವಲ್ಲ, ವಿದ್ಯುತ್ ಮೂಲದ ನಿಯಂತ್ರಣ ಫಲಕವೂ ಹಾಳಾಗಬಹುದು. ಬೇರೆ ಬೇರೆ ತಯಾರಕರ ಯಂತ್ರಗಳನ್ನು ಕೂಡಿಸಲು ಅದಕ್ಕೆಂದೇ ತಯಾರಾದ ಅಡಾಪ್ಟರ್ ಕೇಬಲ್ ಬೇಕು.

ಭಾರತದಲ್ಲಿ ಗೋಡೆಯ ಸಾಕೆಟ್ಟಿನ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್. 115 ವೋಲ್ಟಿನ ಫೀಡರನ್ನು ನೇರವಾಗಿ ಇದಕ್ಕೆ ಜೋಡಿಸಬಾರದು. ಇಂಗಾಲದ ಡೈಆಕ್ಸೈಡ್ ಸಿಲಿಂಡರಿನ ರೆಗ್ಯುಲೇಟರ್ ಹೆಪ್ಪುಗಟ್ಟದಂತೆ ಅಳವಡಿಸುವ ಹೀಟರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಅದರ ವೋಲ್ಟೇಜ್ ಮತ್ತು ಮೂಲದ ಹಿಂಬದಿಯಲ್ಲಿರುವ ಹೀಟರ್ ಸಾಕೆಟ್ಟಿನ ವೋಲ್ಟೇಜ್ ಒಂದೇ ಆಗಿರಬೇಕು.

ಸಾಮರ್ಥ್ಯ

ಬೆಸುಗೆ ಯಂತ್ರದ ಫಲಕದಲ್ಲಿ ಆಂಪಿಯರ್ ಜೊತೆಗೆ ಡ್ಯೂಟಿ ಸೈಕಲ್ ಎಂಬ ಶೇಕಡಾ ಪ್ರಮಾಣವನ್ನೂ ನಮೂದಿಸಿರುತ್ತಾರೆ. 400 ಆಂಪಿಯರ್, ಶೇ. 60 ಎಂದರೆ ಪ್ರತಿ 10 ನಿಮಿಷಗಳಲ್ಲಿ 6 ನಿಮಿಷ ಮಾತ್ರ ಆ ಪ್ರವಾಹದಲ್ಲಿ ಬೆಸೆಯಬಹುದು. ಬಿಸಿಯು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಇದೇ ಯಂತ್ರವು ಎಡೆಬಿಡದೆ ನೀಡಬಲ್ಲ ಪ್ರವಾಹ ಸುಮಾರು 310 ಆಂಪಿಯರ್. ಮೂಲ, ಫೀಡರ್, ಗನ್ ಮತ್ತು ಕೇಬಲ್‌ಗಳಲ್ಲಿ ಯಾವುದರ ಸಾಮರ್ಥ್ಯ ಕಡಿಮೆಯೋ ಅದೇ ಇಡೀ ವ್ಯವಸ್ಥೆಯ ಮಿತಿ. ಅಂತರರಾಷ್ಟ್ರೀಯ ಮಾನಕವಾದ ಐಇಸಿ 60974ರ 1ನೆಯ ಭಾಗವು ವಿದ್ಯುತ್ ಮೂಲಗಳಿಗೂ 5ನೆಯ ಭಾಗವು ವೈರ್ ಫೀಡರುಗಳಿಗೂ ಸಂಬಂಧಿಸಿದೆ.

ಹಾನಿಯ ಇತರ ಕಾರಣಗಳು

ಬೆಸೆಯುವ ವಸ್ತುವಿಗೆ ಹಾಕುವ ಅರ್ತ್ ಕ್ಲಾಂಪ್ ಸಡಿಲವಾಗಿದ್ದರೆ ನೂರಾರು ಆಂಪಿಯರ್ ಪ್ರವಾಹವು ಬೇರೆ ದಾರಿ ಹುಡುಕುತ್ತದೆ. ಅದು ಫೀಡರಿನ ಗ್ರಹಣ ತಂತಿ ಅಥವಾ ನಿಯಂತ್ರಣ ಕೇಬಲಿನ ಭೂಸಂಪರ್ಕದ ಎಳೆಯ ಮೂಲಕ ಹರಿದರೆ ಆ ಎಳೆ ಕ್ಷಣಾರ್ಧದಲ್ಲಿ ಸುಟ್ಟುಹೋಗುತ್ತದೆ. ಬೆಸೆಯುವಾಗ ತಂತಿಯ ಸುರುಳಿ ಮತ್ತು ರೋಲರುಗಳಲ್ಲಿಯೂ ವಿದ್ಯುತ್ ಇರುವುದರಿಂದ ಅವು ಫೀಡರಿನ ಹೊರಕವಚಕ್ಕೆ ತಾಗಬಾರದು.

ಧ್ರುವೀಯತೆಯನ್ನೂ ಗಮನಿಸಬೇಕು. ಘನ ತಂತಿಗೆ ಎಲೆಕ್ಟ್ರೋಡ್ ಧನ ಧ್ರುವವಾಗಿರಬೇಕು. ಅನಿಲವಿಲ್ಲದೆ ಬಳಸುವ ಹಲವು ಫ್ಲಕ್ಸ್ ತಂತಿಗಳಿಗೆ ಋಣ ಧ್ರುವ ಬೇಕು. ಬಹುವಿಧದ ಯಂತ್ರದಲ್ಲಿ ಟಿಗ್ ಬೆಸುಗೆಗಾಗಿ ಅಧಿಕ ಆವರ್ತನದ ವಿದ್ಯುತ್ ಬಳಸುವ ಮುನ್ನ ಫೀಡರನ್ನು ಕಳಚುವುದು ಕ್ಷೇಮ; ಇಲ್ಲವಾದರೆ ಅದರ ಎಲೆಕ್ಟ್ರಾನಿಕ್ ಭಾಗಗಳಿಗೆ ಹಾನಿಯಾಗಬಹುದು.

ಜೋಡಿಸುವ ಮುನ್ನ ಪರಿಶೀಲಿಸಬೇಕಾದವು

1. ಎರಡೂ ಯಂತ್ರಗಳ ಫಲಕ ಮತ್ತು ಕೈಪಿಡಿಗಳನ್ನು ಓದಿ, ಮೂಲವು ಸಿಸಿಯೋ ಸಿವಿಯೋ ಎಂಬುದನ್ನು ಖಚಿತಪಡಿಸಿಕೊಳ್ಳುವುದು.
2. ನಿಯಂತ್ರಣ ವೋಲ್ಟೇಜ್ ಮತ್ತು ಆವರ್ತನವನ್ನು ತಾಳೆ ನೋಡುವುದು.
3. ಪಿನ್‌ಗಳ ಸಂಖ್ಯೆಯನ್ನಷ್ಟೇ ಎಣಿಸದೆ, ಕೈಪಿಡಿಯ ನಕ್ಷೆಯಲ್ಲಿ ಪ್ರತಿ ಪಿನ್ನಿನ ಕೆಲಸವನ್ನು ಹೋಲಿಸುವುದು.
4. ತಂತಿಯ ವ್ಯಾಸಕ್ಕೆ ತಕ್ಕ ರೋಲರ್ ಮತ್ತು ಟಿಪ್ ಇವೆಯೇ ಎಂದು ನೋಡುವುದು. ಉಕ್ಕಿನ ಘನ ತಂತಿಗೆ ವಿ ಆಕಾರದ, ಅಲ್ಯೂಮಿನಿಯಂ ತಂತಿಗೆ ಯು ಆಕಾರದ ತೋಡು ಸೂಕ್ತ.
5. ವಿದ್ಯುತ್ತನ್ನು ಪೂರ್ಣವಾಗಿ ಕಡಿತಗೊಳಿಸಿದ ನಂತರವೇ ಕೇಬಲ್‌ಗಳನ್ನು ಜೋಡಿಸುವುದು ಅಥವಾ ಕಳಚುವುದು.
6. ಪಿನ್‌ಗಳ ವೋಲ್ಟೇಜನ್ನು ಅಳೆಯಬೇಕಾದಲ್ಲಿ, ಫೀಡರ್ ಜೋಡಿಸುವ ಮೊದಲೇ ಅನುಭವಿ ವಿದ್ಯುತ್ ತಂತ್ರಜ್ಞರಿಂದ ಅಳೆಯಿಸುವುದು.